ಯಾರದೂ ಅಲ್ಲದ ಪೈಪು

"ಏನೇ ಮುದುಕಿ ಇದು? ಬಿಳಿ ಪಟ್ಟಿ ಕೊಟ್ರೆ ಗುಲಾಬಿ ಮಾಡ್ಕೊಂಡು ತಂದಿದೀಯಲ್ಲ. ಇದನ್ನ ಕೊರಳಿಗೆ ಕಟ್ಕೊಂಡು ಕೋರ್ಟಿಗೆ ಹೋಗ್ಲಾ, ನಾಟಕಕ್ಕೆ ಹೋಗ್ಲಾ?"

ಕೆಮ್ಮಿನ ವಕೀಲ ಪಟ್ಟಿಗಳನ್ನು ಮುದ್ದೆ ಮಾಡಿ ಅತ್ತೆಯ ಮುಖಕ್ಕೆ ಎಸೆದ. ಒಂದು ಪಟ್ಟಿ ಅವಳ ಕಿವಿಗೆ ಸಿಕ್ಕಿ ನೇತಾಡಿತು. ನಾವು ನಿಂತಿದ್ದದ್ದು ಅವನ ಮನೆಯ ಹಿಂಬಾಗಿಲಲ್ಲಿ, ಮುಂಬಾಗಿಲು ನಮ್ಮಂಥವರಿಗಲ್ಲ. ಬಣ್ಣದ ಕಾರ್ಖಾನೆಯ ವಕೀಲ ಅವನು, ಪ್ರತಿ ಮಾತಿಗೆ ಮುಂಚೆ ಒಮ್ಮೆ ಕೆಮ್ಮುವುದು ಅವನ ಚಾಳಿ. ಆ ಕೆಮ್ಮಿಗೂ ಸೇರಿಸಿ ಕಕ್ಷಿದಾರರಿಂದ ಫೀಸು ಕೀಳುತ್ತಾನೆ ಎಂದು ಕೋರ್ಟಿನ ಜವಾನರು ಆಡಿಕೊಳ್ಳುತ್ತಾರೆ.

ಅತ್ತೆ ಕಿವಿಯಿಂದ ಪಟ್ಟಿಯನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದಳು.

"ಗುಲಾಬಿ ಎಲ್ಲಿದೆ ಸಾಹೇಬ್ರೇ? ಹೊಳೆ ನೀರಿಗೆ ಬಣ್ಣಾನೇ ಇಲ್ಲ ಅಂತ ನೀವೇ ಅಲ್ವಾ ಜಡ್ಜ್ ಮುಂದೆ ಹೇಳಿದ್ದು? ನಾನೂ ಅಲ್ಲೇ ನಿಂತಿದ್ದೆ. ಅದೇ ನೀರಲ್ಲೇ ಒಗ್ದಿದೀನಿ."

ವಕೀಲ ಕೆಮ್ಮಿದ. ಹಿಂದೆ ಮಾತು ಬರಲಿಲ್ಲ, ಆ ಕೆಮ್ಮು ದಂಡವಾಯಿತು. ಇನ್ನೊಮ್ಮೆ ಕೆಮ್ಮಿ, "ನಾಲಿಗೆ ಉದ್ದ ಆಗಿದೆ ನಿಂದು. ಪಟ್ಟಿ ಇನ್ನೊಂದ್ಸಲ ಒಗಿ. ಈ ಗೌನುಗಳನ್ನೂ ತಗೊಂಡು ಹೋಗು, ನಮ್ಮ ಆಫೀಸಿನವರೆಲ್ಲರದ್ದೂ ಇದೆ. ಕಾಸು ಗೀಸು ಅಂದ್ರೆ ಚರ್ಮ ಸುಲೀತೀನಿ," ಎಂದು ಕರಿ ಗಂಟೊಂದನ್ನು ಕಾಲಿನಿಂದ ನಮ್ಮತ್ತ ತಳ್ಳಿದ.

"ಚರ್ಮ ನಿಮ್ಮ ಕಾರ್ಖಾನೆಯವರೇ ಸುಲ್ದಾಯ್ತು, ನಿಮಗೇನೂ ಉಳಿದಿಲ್ಲ," ಎಂದು ಅತ್ತೆ ಗಂಟನ್ನು ನನ್ನ ತಲೆಗೇರಿಸಿದಳು.

ಅದು ಸುಳ್ಳಲ್ಲ. ನನ್ನ ಬೆರಳುಗಳ ಚರ್ಮ ಈರುಳ್ಳಿ ಸಿಪ್ಪೆಯಂತೆ ಏಳುತ್ತದೆ. ಅತ್ತೆಯದು ಏಳುವುದನ್ನೂ ನಿಲ್ಲಿಸಿದೆ. ನಮ್ಮ ಮನೆ ಹೊಳೆಯ ದಂಡೆಯಲ್ಲಿದೆ. ಮನೆ ಮುಂದೆ ಒಗೆಯುವ ಕಲ್ಲು, ಕಲ್ಲಿನ ಪಕ್ಕದಲ್ಲೇ ದಿಬ್ಬದ ಮೇಲೆ ಬಣ್ಣದ ಕಾರ್ಖಾನೆಯ ಹಿಂಗೋಡೆ, ಗೋಡೆಯ ಬುಡದಿಂದ ಹೊರಚಾಚಿದ ಒಂದು ಪೈಪು. ಕೊಡದ ಹೊಟ್ಟೆಯಷ್ಟು ದಪ್ಪ. ಒಳಗೆ ಯಾವ ಬಣ್ಣ ಬೇಯುತ್ತದೋ ಆ ದಿನ ಹೊಳೆಗೂ ಅದೇ ಬಣ್ಣ. ನನ್ನ ಗಂಡ ಅದೇ ಕಾರ್ಖಾನೆಯಲ್ಲಿ ಪೀಪಾಯಿ ಉರುಳಿಸುತ್ತಾನೆ. ಹೀಗೆ ಒಂದೇ ಮನೆಯಲ್ಲಿ ಮಗ ಬಣ್ಣ ಬಿಡುತ್ತಾನೆ, ತಾಯಿ ಬಣ್ಣ ತೆಗೆಯುತ್ತಾಳೆ. ಇಬ್ಬರ ಕೂಲಿ ಸೇರಿದರೆ ಹೊಟ್ಟೆಗೆ ಸಾಲುತ್ತದೆ. ಊರಿನ ಬಟ್ಟೆಯೆಲ್ಲ ನಮ್ಮ ಮನೆಯಲ್ಲಿದ್ದರೂ ನಮ್ಮ ಮೈಗೆ ಸಾಲುವುದಿಲ್ಲ.

ಹೊಳೆಯನ್ನು ಯಾರು ಶುದ್ಧ ಮಾಡಿಸಬೇಕು, ಖರ್ಚು ಯಾರ ತಲೆ ಮೇಲೆ ಎಂಬುದು ಕೇಸು. ಕೆಳಗಿನ ಪೇಟೆಯವರ ನಲ್ಲಿಯಲ್ಲಿ ಬಣ್ಣ ಬಂದಾಗ ಅವರು ಹೂಡಿದ್ದು. ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ಕೇಸು ಬಂದಿತ್ತು, ಹಾಗಾಗಿ ಮನೆಯಲ್ಲಿ ನನಗಿಂತ ಅದಕ್ಕೇ ಹಿರಿತನ. ಆದರೆ ಮೊದಮೊದಲು ಆ ಕೇಸಿನಲ್ಲಿ ನಾವಿರಲಿಲ್ಲ. ನಾವು ಅದರೊಳಗೆ ಬಿದ್ದದ್ದು ಅತ್ತೆಯ ಬಾಯಿಂದ.

ಅವತ್ತು ಸ್ಥಳ ನೋಡಲು ಕೋರ್ಟಿನ ಅಮೀನ ಬಂದಿದ್ದ. ಪಾಪದ ಮನುಷ್ಯ, ಕೊಡೆ ಹಿಡಿದುಕೊಂಡು, ಬರೆಯುವ ಹಲಗೆಯನ್ನು ಎದೆಗೆ ಅಪ್ಪಿಕೊಂಡು ದಂಡೆಯಲ್ಲಿ ನಿಂತಿದ್ದ. ಎಲ್ಲ ಕಕ್ಷಿಗಳೂ ಬಂದಿದ್ದರು. ಬೂಟು ಕೆಸರಾಗಬಾರದೆಂದು ಎಲ್ಲರೂ ನಮ್ಮ ಒಗೆಯುವ ಕಲ್ಲನ್ನೇ ಹತ್ತಿ ನಿಂತಿದ್ದರು.

"ಈ ಪೈಪು, ಈ ಹೊಲಸು, ಈ ಜಾಗ ಯಾರದು?" ಎಂದು ಅಮೀನ ಒಬ್ಬೊಬ್ಬರನ್ನೇ ಕೇಳಿದ.

ಕಾರ್ಖಾನೆ ಕಟ್ಟಿದವನ ಮಗ, ನಮ್ಮದಲ್ಲ, ಅಪ್ಪ ಮಾರಿಬಿಟ್ಟಿದ್ದಾನೆ ಎಂದ. ಕೊಂಡಿದ್ದ ಕಂಪನಿ ಮುಳುಗಿಹೋಗಿತ್ತು. ಅದರ ಪರವಾಗಿ ಬಂದವನು, ಕಂಪನಿಯೇ ಇಲ್ಲದ ಮೇಲೆ ಅದರದ್ದು ಅಂತ ಏನಿರುತ್ತದೆ ಎಂದ. ಈಗ ಹೊಸ ಬೋರ್ಡು ಹಾಕಿಕೊಂಡು ಹಳೇ ಬಣ್ಣವನ್ನೇ ಬೇಯಿಸುತ್ತಿರುವ ಕಂಪನಿಯ ಮ್ಯಾನೇಜರ್ ಪತ್ರ ಬಿಚ್ಚಿ ತೋರಿಸಿದ.

"ನಾವು ಕೊಂಡಿದ್ದು ಗೋಡೆ ಒಳಗಿಂದು. ಪೈಪಿನ ಬಾಯಿ ಗೋಡೆ ಹೊರಗಿದೆ. ಪತ್ರದಲ್ಲಿ ಪೈಪು ಅನ್ನೋ ಮಾತೇ ಇಲ್ಲ ನೋಡ್ಕೊಳ್ಳಿ."

"ಮತ್ತೆ ಯಾರದು?"

"ಯಾರದೂ ಅಲ್ಲ. ಅದು ಮೊದ್ಲಿಂದ ಅಲ್ಲಿದೆ, ಅಷ್ಟೇ."

ಅಮೀನನ ಪೆನ್ನಿಗೆ ಅಷ್ಟು ಹೊತ್ತೂ ಕೆಲಸವಿರಲಿಲ್ಲ. ಸೋತು, ಸೊಂಟದವರೆಗೆ ನೀರಲ್ಲಿ ನಿಂತು ಆಸ್ಪತ್ರೆಯ ಹಾಸಿಗೆ ಬಟ್ಟೆ ಹಿಂಡುತ್ತಿದ್ದ ಅತ್ತೆಯ ಕಡೆ ತಿರುಗಿದ. "ಏನಮ್ಮಾ, ನೀನಾದ್ರೂ ಹೇಳು. ಈ ಜಾಗ ಯಾರದು?"

ನಮ್ಮ ಕಸುಬಿನವರಿಗೆ ಒಂದು ಅಭ್ಯಾಸ. ಒಗೆಯುವ ಜಾಗ ಯಾರದು ಎಂದು ಯಾರೇ ಕೇಳಲಿ, ನಮ್ಮದೇ ಎಂದುಬಿಡುವುದು. ಇವತ್ತು ಬಾಯಿ ಮುಚ್ಚಿಕೊಂಡು ಇದ್ದರೆ ನಾಳೆ ಆ ಕಲ್ಲಿನ ಮೇಲೆ ಬೇರೆಯವರ ಬಟ್ಟೆ ಇರುತ್ತದೆ. ಅತ್ತೆ ಆ ಕಲ್ಲಿಗಾಗಿ ಓರಗಿತ್ತಿಯರ ಜುಟ್ಟು ಹಿಡಿದು ಎಳೆದಾಡಿದವಳು. ಅದರ ಮೇಲೆ ಬೂಟುಗಾಲು ನೋಡಿ ಬೆಳಗ್ಗಿನಿಂದ ಕುದಿಯುತ್ತಿದ್ದಳು.

"ಇನ್ಯಾರ್ದು? ನಮ್ದೇ. ನಮ್ಮತ್ತೆ ಕಾಲದಿಂದ್ಲೂ ನಮ್ದೇ. ಕಲ್ಲೂ ನಮ್ದೇ, ಹೊಳೇನೂ ನಮ್ದೇ. ಮೊದ್ಲು ಆ ಬೂಟು ಇಳಿಸ್ರೋ ಹಾಳಾದವರಾ."

ಪಕ್ಕದಲ್ಲೇ ನೀರಲ್ಲಿ ನಿಂತಿದ್ದ ನಾನು ಅವಳ ಸೊಂಟ ಚಿವುಟಿದೆ. ಏನು ಪ್ರಯೋಜನ? ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ಹಾಗಾಯಿತು. ಅಮೀನ ಖುಷಿಯಿಂದ ಪೆನ್ನಿನ ಮುಚ್ಚಳ ತೆಗೆದ, ಬರೆದುಕೊಂಡ. ಆ ಬರಹದ ಮೇಲೆ ಅತ್ತೆಯೂ ಕೇಸಿನಲ್ಲಿ ಪ್ರತಿವಾದಿಯಾದಳು. ಕೆಮ್ಮಿನ ವಕೀಲ ಅವತ್ತು ಕೆಮ್ಮುವುದನ್ನೂ ಮರೆತು ನಕ್ಕ.

ತೀರ್ಪಿನ ದಿನ ನಮ್ಮನ್ನು ಬಾಗಿಲ ಹತ್ತಿರ, ಕಸದ ಬುಟ್ಟಿಯ ಪಕ್ಕ ನಿಲ್ಲಿಸಿದರು. ಜಡ್ಜು ಮೂಗಿಗೆ ಕರವಸ್ತ್ರ ಹಿಡಿದು, "ಏನದು ವಾಸನೆ?" ಎಂದರು.

"ಕೊನೆಯ ಪ್ರತಿವಾದಿ, ಸ್ವಾಮಿ," ಎಂದ ಕೆಮ್ಮಿನ ವಕೀಲ.

ಆಮೇಲೆ ಅವನು ಅರ್ಧ ಸವೆದ ಸಾಬೂನಿನ ತುಂಡೊಂದನ್ನು ಮೇಜಿನ ಮೇಲಿಟ್ಟ. ನಮ್ಮ ಮನೆಯದೇ ಸಾಬೂನು. ಎರಡು ದಿನದಿಂದ ಕಾಣದೆ ನಾನು ಕಾಗೆಯನ್ನು ಬೈಯುತ್ತಿದ್ದೆ. ಇದೂ ರಾಸಾಯನಿಕವೇ, ಇದು ತಲೆಮಾರುಗಳಿಂದ ಹೊಳೆಗೆ ಬೀಳುತ್ತಿದೆ ಎಂದು ಅವನು ಊಟದ ಹೊತ್ತಿನವರೆಗೆ ವಾದ ಮಾಡಿದ. ಕಾರ್ಖಾನೆಯ ಪೀಪಾಯಿಗಳ ಮಾತು ಬಂದಾಗ ಜಡ್ಜು ಗಡಿಯಾರ ನೋಡಿಕೊಂಡರು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತು ಎನ್ನುವುದನ್ನು ಕೇಳಿದ್ದೆ. ಒರೆಸುವುದನ್ನು ಕಣ್ಣಾರೆ ಕಂಡದ್ದು ಅವತ್ತು.

ಎಲ್ಲರೂ ತಮ್ಮದಲ್ಲ ಎಂದು ಕಾಗದ ಕೊಟ್ಟಿದ್ದಾರೆ, ತನ್ನದು ಎಂದು ಒಪ್ಪಿಕೊಂಡವಳು ಒಬ್ಬಳೇ ಎಂದು ಜಡ್ಜು ಓದಿದರು. ಆದ್ದರಿಂದ ಹೊಣೆ ಅವಳದೇ. ಹೊಳೆಯನ್ನು ಅವಳು ತನ್ನ ಖರ್ಚಿನಲ್ಲಿ ಶುದ್ಧ ಮಾಡಿಸಬೇಕು. ಇನ್ನು ಮುಂದೆ ಕೆಟ್ಟದ್ದು ಯಾವ ದಾರಿಯಿಂದಲೇ ಬರಲಿ, ಅದು ಹೊಳೆಗೆ ಸೇರದಂತೆ ಅವಳೇ ತಡೆಯಬೇಕು. ತಪ್ಪಿದರೆ ಮನೆ, ಇಸ್ತ್ರಿ ಪೆಟ್ಟಿಗೆ, ಹಂಡೆ, ಕಲ್ಲು ಎಲ್ಲ ಹರಾಜು.

"ಸ್ವಾಮಿ," ಎಂದಳು ಅತ್ತೆ ಬಾಗಿಲಿನಿಂದಲೇ. "ಬಟ್ಟೆ ಒಗೆಯೋಕೆ ಹೊಳೆ ಬೇಕು. ಹೊಳೆ ಒಗೆಯೋಕೆ ಏನು ಬೇಕು?"

"ಬಾಯ್ಮುಚ್ಚು," ಎಂದು ಜವಾನ ಅವಳ ತೋಳು ಹಿಡಿದು ಹೊರಗೆ ದಬ್ಬಿದ.

ಮನೆಗೆ ಬಂದ ಮೇಲೆ ನನ್ನ ಗಂಡ ಕುಣಿದಾಡಿಬಿಟ್ಟ. "ನಿನ್ನ ಬಾಯಿಗೆ ಮಣ್ಣು ಹಾಕ ಅವ್ವಾ. ನಮ್ದು ನಮ್ದು ಅಂತ ಹೊಳೆನೇ ಮೈಮೇಲೆ ಎಳ್ಕೊಂಡೆಯಲ್ಲ. ಆ ಬೋಳಿಮಕ್ಕಳು ಬಂಗ್ಲೆ ಇಟ್ಕೊಂಡು ನಮ್ದಲ್ಲ ಅಂತಾರೆ, ನೀನು ಗುಡಿಸ್ಲು ಇಟ್ಕೊಂಡು ಊರೆಲ್ಲ ನಮ್ದು ಅಂತೀಯ."

"ನೀನೇನು ಕಡಿಮೆನಾ? ಆ ಪೈಪಲ್ಲಿ ಬರೋದೆಲ್ಲ ನೀನು ಉರುಳಿಸಿದ್ದೇ," ಎಂದಳು ಅತ್ತೆ.

"ಉರುಳಿಸದೆ ಇದ್ರೆ ತಿನ್ನೋದೇನು, ಕಲ್ಲಾ?"

"ಅದನ್ನೂ ಹರಾಜು ಹಾಕ್ತಾರಂತೆ, ತಿನ್ನೋದಾದ್ರೆ ಬೇಗ ತಿನ್ನು," ಎಂದೆ ನಾನು. ಇಬ್ಬರೂ ಸೇರಿ ನನ್ನನ್ನು ಬೈದರು. ಜಗಳ ಹಾಗೆ ಮುಗಿಯಿತು. ನನಗೆ ಮಾತ್ರ ಅವತ್ತು ಅನ್ನ ಇಳಿಯಲಿಲ್ಲ. ಆ ಮನೆ ಬಿಟ್ಟರೆ ನಮಗೆ ನಿಲ್ಲಲು ನೆಲವಿಲ್ಲ.

ನನಗೆ ನಾಲ್ಕಕ್ಷರ ಬರುತ್ತದೆ. ಅತ್ತೆ ಆರ್ಡರಿನ ಕಾಗದವನ್ನು ದಿನಾ ಓದಿಸಿ ಕೇಳಿದಳು. ಕೇಳಿ ಕೇಳಿ ಒಂದು ದಿನ, "ಆ ದಾರಿ ಮಾತು ಬರುತ್ತಲ್ಲ, ಅದನ್ನ ಇನ್ನೊಂದ್ಸಲ ಓದು," ಎಂದಳು.

"ಯಾವ ದಾರಿಯಿಂದಲೇ ಬರಲಿ, ಹೊಳೆಗೆ ಸೇರದಂತೆ ತಡೆಯತಕ್ಕದ್ದು."

"ತಕ್ಕದ್ದು ಅಂದ್ರೆ?"

"ತಡೀಲೇಬೇಕು ಅಂತ."

"ಹುಕುಂ ಅಂತೀಯ?"

"ಕೋರ್ಟಿನ ಹುಕುಂ ಅತ್ತೆ."

ಅವಳು ಹೂಂ ಎಂದು, ಕೆಮ್ಮಿನ ವಕೀಲ ಹಿಂಬಾಗಿಲಲ್ಲಿ ತಳ್ಳಿದ್ದ, ಈಗ ಹಗ್ಗದ ಮೇಲೆ ಒಣಗುತ್ತಿದ್ದ ಗೌನುಗಳನ್ನು ನೋಡುತ್ತ ಕೂತಳು.

ಕೋರ್ಟು ಕೊಟ್ಟ ಗಡುವು ಮುಗಿಯಿತು, ಹೊಳೆ ಹಾಗೇ ಇತ್ತು. ಹರಾಜಿನ ಬೆಳಗ್ಗೆ ಅಮೀನ ಅದೇ ಕೊಡೆ, ಅದೇ ಹಲಗೆ ಹಿಡಿದುಕೊಂಡು ಬಂದ. ಇಸ್ತ್ರಿ ಪೆಟ್ಟಿಗೆ ಬರೆದುಕೊಂಡ, ಹಂಡೆ ಬರೆದುಕೊಂಡ. ಕಲ್ಲನ್ನು ಎತ್ತಿ ಒಯ್ಯುವ ಸಾಮಾನು ಎಂದು ಬರೆಯಬೇಕೋ ನೆಲದ ಜೊತೆ ಸೇರಿಸಬೇಕೋ ಎಂದು ತಿಳಿಯದೆ ಒಂದು ಸಲ ತಳ್ಳಿ ನೋಡಿ ಬೆನ್ನು ಹಿಡಿದುಕೊಂಡ. ಮೇಲೆ ಕಾರ್ಖಾನೆಯ ಹಿಂಗೋಡೆಗೆ ಒಳಗಿನಿಂದ ಏಣಿ ಹಾಕಿಸಿ ಮ್ಯಾನೇಜರ್ ಮತ್ತು ಕೆಮ್ಮಿನ ವಕೀಲ ಅಕ್ಕಪಕ್ಕ ಇಣುಕುತ್ತಿದ್ದರು. ನಮ್ಮ ಜಾಗ ಹರಾಜಿನಲ್ಲಿ ಸಿಕ್ಕರೆ ಲಾರಿ ನಿಲ್ಲಿಸಿಕೊಳ್ಳುವ ಆಸೆ ಅವರಿಗೆ. ಅವತ್ತು ಒಳಗೆ ಕೆಂಪು ಬೇಯುತ್ತಿತ್ತು.

"ಏ ಮುದುಕಿ, ನನ್ನ ಗೌನು ಎಲ್ಲಿ? ನಾಳೆ ಕೋರ್ಟಿದೆ," ಎಂದು ವಕೀಲ ಮೇಲಿಂದ ಕೂಗಿದ.

"ಕೆಲಸಕ್ಕೆ ಹಚ್ತೀನಿ ತಡೀರಿ," ಎಂದಳು ಅತ್ತೆ.

ಗೌನುಗಳನ್ನೆಲ್ಲ ನೀರಿನಲ್ಲಿ ಅದ್ದಿ, ಒಂದರೊಳಗೊಂದು ಸುತ್ತಿ, ಆಸ್ಪತ್ರೆಯ ಹಳೇ ಹಾಸಿಗೆ ಬಟ್ಟೆಯಲ್ಲಿ ಬಿಗಿದು ಉಂಡೆ ಮಾಡಿದಳು. ನಾನು ಒಂದು ಕಡೆ ಹಿಡಿದೆ, ಅವಳು ಒಂದು ಕಡೆ. ಪೈಪಿನ ಬಾಯಿಗೆ ಒತ್ತಿ, ಬಟ್ಟೆ ಬಡಿಯುವ ಬಡಿಗೆ ತೆಗೆದುಕೊಂಡು ಹೊಡೆಯತೊಡಗಿದಳು. ನಲವತ್ತು ವರ್ಷ ಊರಿನ ಕೊಳೆಯನ್ನು ಬಡಿದ ತೋಳು ಅದು. ಕೆಂಪು ನೀರು ನಮ್ಮಿಬ್ಬರ ಮುಖಕ್ಕೂ ಚಿಮ್ಮಿತು, ತೆಳ್ಳಗಾಯಿತು, ಹನಿಯಾಯಿತು, ನಿಂತಿತು. ಇಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

"ಏನು ಮಾಡ್ತಿದೀಯಮ್ಮಾ?" ಎಂದು ಅಮೀನ ಓಡಿಬಂದ.

"ಹುಕುಂ ಪಾಲಿಸ್ತಿದೀನಿ ಸ್ವಾಮಿ. ತಡೀಬೇಕು ಅಂತ ಬರ್ದಿದೆ. ತಡ್ದಿದೀನಿ. ಇನ್ನು ಮನೆ ಹೆಂಗೆ ಹರಾಜು ಹಾಕ್ತೀರಿ ಹೇಳಿ."

ಅಮೀನ ಆರ್ಡರನ್ನು ಓದಿದ. ತಿರುಗಿಸಿ ಹಿಂಬದಿ ನೋಡಿದ. ಹಿಂದೆ ಏನೂ ಇರಲಿಲ್ಲ.

ಅಷ್ಟರಲ್ಲಿ ಗೋಡೆಯಾಚೆ ಗದ್ದಲ ಎದ್ದಿತು. ಹೋಗಲು ದಾರಿಯಿಲ್ಲದ ಕೆಂಪು ನೀರು ಅಂಗಳಕ್ಕೆ ಉಕ್ಕಿ ಬಂದಿತ್ತು. ಯಾರೋ ಬಾಯ್ಲರ್ ಎಂದು ಕೂಗಿದರು. ಏಣಿಯ ಕೆಳಗಿನ ಮೆಟ್ಟಿಲು ಮುಳುಗಿತೆಂದು ಮ್ಯಾನೇಜರ್ ಒಂದು ಮೆಟ್ಟಿಲು ಮೇಲಕ್ಕೆ ಬಂದ.

"ಅಮೀನ್ರೇ, ತೆಗೆಸ್ರೀ ಅದನ್ನ."

"ನಾನು ಹೆಂಗೆ ತೆಗೆಸ್ಲಿ ಸಾರ್? ಪೈಪು ಯಾರದೋ ಅವ್ರು ದೂರು ಕೊಡ್ಬೇಕು. ಕೊಟ್ರೆ ಬರ್ಕೋತೀನಿ."

ಮ್ಯಾನೇಜರ್ ವಕೀಲನ ಮುಖ ನೋಡಿದ. ವಕೀಲ ತಲೆ ಅಲ್ಲಾಡಿಸಿ, "ನಮ್ದು ಅಂದ್ರೆ ಮುಗೀತು, ಹೊಳೆ ಪೂರಾ ನಮ್ಮ ತಲೆ ಮೇಲೆ," ಎಂದು ಪಿಸುಗುಟ್ಟಿದ. ಪಿಸುಗುಟ್ಟಿದ್ದು ನಮಗೂ ಕೇಳಿಸಿತು. ಕೆಮ್ಮಿದ್ದಂತೂ ಆಚೆ ದಂಡೆಗೂ ಕೇಳಿಸಿರಬೇಕು.

ಆಗ ಮ್ಯಾನೇಜರ್ ಒಳಗೆ ತಿರುಗಿ ಯಾರಿಗೋ ಬೈದ. ಸ್ವಲ್ಪ ಹೊತ್ತಿಗೆ ಹಿಂಬಾಗಿಲಿನಿಂದ ಕಬ್ಬಿಣದ ಕೊಕ್ಕೆ ಹಿಡಿದು ಇಳಿದು ಬಂದವನು ನನ್ನ ಗಂಡ. ಮೊಣಕಾಲಿನವರೆಗೆ ಕೆಂಪು. ಮುಖದಲ್ಲಿ ರಕ್ತವಿರಲಿಲ್ಲ.

"ಎಳಿಯೋ ಬಡ್ಡಿಮಗನೇ. ಎಳೀದೆ ಇದ್ರೆ ನಾಳೆಯಿಂದ ಗೇಟೊಳಗೆ ಕಾಲಿಡ್ಬೇಡ," ಎಂದ ಮ್ಯಾನೇಜರ್ ಮೇಲಿಂದ.

"ಅವ್ವಾ, ಹೊಟ್ಟೆ ಮೇಲೆ ಹೊಡೀಬೇಡ ಅವ್ವಾ. ಸರಿ ಆ ಕಡೆ."

ಅತ್ತೆ ಬಡಿಗೆಯನ್ನು ಕೆಳಗಿಟ್ಟು ಪಕ್ಕಕ್ಕೆ ಸರಿದು ನಿಂತಳು. "ಎಳಿ ಮಗನೇ. ನಾನು ಅಡ್ಡ ಬರಲ್ಲ. ಯಾರ ಪೈಪು ಅಂತ ಒಂದು ಮಾತು ಕೇಳ್ಕೊಂಡು ಎಳಿ, ಅಷ್ಟೇ."

ಅವನು ನನ್ನ ಕಡೆ ನೋಡಿದ. ಎಳೆದರೆ ಮನೆ ಹೋಯಿತು, ಬಿಟ್ಟರೆ ಕೂಲಿ ಹೋಯಿತು. ನಾನು ಏನು ಹೇಳಲಿ? "ಕೇಳು," ಎಂದೆ.

ಕೊಕ್ಕೆಯನ್ನು ಪೈಪಿನ ಬಾಯಿಗೆ ಇಟ್ಟವನು ಹಾಗೇ ನಿಂತ. ಆಮೇಲೆ ತಲೆಯೆತ್ತಿದ. ಆ ಗೋಡೆಯ ಮೇಲಿನವರ ಮುಖವನ್ನು ಅವನು ನೆಟ್ಟಗೆ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಸಾರ್, ಯಾರ ಪೈಪು ಸಾರ್ ಇದು? ನಿಮ್ದು ಅಂತ ಹೇಳಿ, ಈಗ್ಲೇ ಎಳೀತೀನಿ."

ಮ್ಯಾನೇಜರ್ ಇನ್ನೊಂದು ಮೆಟ್ಟಿಲು ಮೇಲೆ ಬಂದ. ಈಗ ಅವನ ಸೊಂಟ ಗೋಡೆಗಿಂತ ಮೇಲಿತ್ತು. ಪೈಪಿನ ಬಾಯಿಂದ ಒಂದು ಗೌನಿನ ಕಾಲರು ಹೊರಗೆ ಇಣುಕುತ್ತಿತ್ತು. ಯಾರ ಬಟ್ಟೆ ಯಾವುದೆಂದು ತಪ್ಪದಿರಲು ನಾವು ಬಿಳಿ ದಾರದಲ್ಲಿ ಹಾಕುವ ಗುರುತು ಅದರ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಮೂರು ಚುಕ್ಕೆ, ಕೆಮ್ಮಿನ ವಕೀಲರ ಮನೆ. ವಕೀಲನೂ ಅದನ್ನು ನೋಡಿದ.

"ತೆಗಿಯೋ ಅದನ್ನ, ಅದು ನಮ್..." ಎಂದು ಮ್ಯಾನೇಜರ್ ಬಾಯಿ ತೆರೆದ. ವಕೀಲ ಎರಡೂ ಕೈಯಿಂದ ಅವನ ಬಾಯಿ ಮುಚ್ಚಿದ. ಏಣಿ ಒಂದು ಸಲ ತೂಗಿತು.

"ಏನಂದ್ರಿ ಸಾಹೇಬ್ರೇ?" ಎಂದು ಅತ್ತೆ ಕೈಯನ್ನು ಕಿವಿಗೆ ಹಿಡಿದಳು. "ವಯಸ್ಸಾಯ್ತು, ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ."

ಅಮೀನ ನಮ್ಮ ಕಲ್ಲಿನ ಮೇಲೆ ಕೂತು, ಹಲಗೆಯನ್ನು ತೊಡೆಯ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದ.