ಬಿಡ್ತು ಅನ್ನಿ

ಬಾಲಕೃಷ್ಣ ಹೊಸ್ತಿಲು ದಾಟುವುದನ್ನು ನೋಡಬೇಕು. ಪೋರ್ಟರ್ ರ್ಯಾಂಚ್ ಬಡಾವಣೆಯ ಅವರ ಮನೆಗೆ ಹೊಸ್ತಿಲೆಂಬುದೇ ಇಲ್ಲ, ಇರುವುದು ಒಂದು ಅಲ್ಯೂಮಿನಿಯಂ ಪಟ್ಟಿ. ಆ ಪಟ್ಟಿಯ ಮುಂದೆ ಕ್ಷಣಕಾಲ ನಿಂತು, ಒಳಗಾಗಲಿ ಹೊರಗಾಗಲಿ ಯಾರಾದರೂ ಸೀನಿದರೇ ಎಂದು ಕಿವಿಗೊಟ್ಟು, ಇಲ್ಲವೆಂಬುದು ಖಾತ್ರಿಯಾದ ಮೇಲೆ ಬಲಗಾಲನ್ನೆತ್ತಿ, ತೂಗುಸೇತುವೆಯ ಮೇಲೆ ಇಡುವವರಂತೆ ಮೆಲ್ಲಗೆ ಊರಿ, ಆಮೇಲಷ್ಟೇ ಎಡಗಾಲಿಗೆ ಅನುಮತಿ ಕೊಡುತ್ತಾರೆ. ಯಾರಾದರೂ ಸೀನಿದರೋ, ಒಳಗೆ ಹೋಗಿ ಕೂತು, ನೀರು ಕುಡಿದು, ಮತ್ತೆ ಮೊದಲಿನಿಂದ ಹೊರಡುತ್ತಾರೆ. ವಸಂತದಲ್ಲಿ, ಲಾಸ್ ಏಂಜಲೀಸಿನ ಗಾಳಿಯಲ್ಲಿ ಪರಾಗ ತುಂಬಿ ಊರಿಗೆ ಊರೇ ಸೀನುವ ದಿನಗಳಲ್ಲಿ, ಅವರನ್ನು ಕರೆದುಕೊಂಡು ಎಲ್ಲಿಗಾದರೂ ಹೊರಡುವುದೆಂದರೆ ನನಗೆ ಅಗ್ನಿಪರೀಕ್ಷೆ.

ಸೀನಿಗಿಂತಲೂ ಅವರು ಹೆದರುವುದು ಮಾತಿಗೆ. ಕೆಟ್ಟದ್ದನ್ನು ಬಾಯಲ್ಲಿ ಆಡಿದರೆ ಮೇಲೆಲ್ಲೋ ಸುಳಿದಾಡುವ ದೇವತೆಗಳು ಅಸ್ತು ಎಂದುಬಿಡುತ್ತಾರೆ ಎಂದು ನಮ್ಮ ಅಜ್ಜಿಯರೆಲ್ಲ ಹೇಳಿದ್ದರು. ನಾವು ಕೇಳಿ ಮರೆತೆವು. ಬಾಲಕೃಷ್ಣ ಅದನ್ನೇ ಬದುಕಿನ ಸಂವಿಧಾನ ಮಾಡಿಕೊಂಡರು. ಅವರ ಮನೆಯಲ್ಲಿ ಅಕ್ಕಿ ಮುಗಿಯುವುದಿಲ್ಲ, ದೀಪ ಆರುವುದಿಲ್ಲ, ಬಳೆ ಒಡೆಯುವುದಿಲ್ಲ. ಅಕ್ಕಿ ತುಂಬುತ್ತದೆ, ದೀಪ ಶಾಂತವಾಗುತ್ತದೆ, ಬಳೆ ಹೆಚ್ಚುತ್ತದೆ. ಎದುರಿನವರು ಬಾಯಿ ತಪ್ಪಿ ‘ಆಕ್ಸಿಡೆಂಟ್’ ಎಂದರೆ ಸಾಕು, ಎರಡೂ ಕೈಗಳನ್ನೆತ್ತಿ ಟ್ರಾಫಿಕ್ ನಿಲ್ಲಿಸುವವರಂತೆ ‘ಬಿಡ್ತು ಅನ್ನಿ, ಬಿಡ್ತು ಅನ್ನಿ’ ಎಂದು ಆ ಮಾತನ್ನು ವಾಪಸು ತೆಗೆಸಿಯೇ ಮುಂದಿನ ಮಾತಿಗೆ ದಾರಿ ಬಿಡುತ್ತಾರೆ. ಟೆಲಿಕಾಂ ಕಂಪನಿಯೊಂದರಲ್ಲಿ ಅವರು ಹಿರಿಯ ಇಂಜಿನಿಯರ್; ನೆಟ್‌ವರ್ಕ್ ಎಲ್ಲಿ, ಹೇಗೆ ಕೆಡಬಹುದೆಂದು ಮುಂಚಿತವಾಗಿ ಹೇಳುವುದೇ ಅವರ ಉದ್ಯೋಗ. ಅದನ್ನು ಹೇಗೆ ಮಾಡುತ್ತಾರೆಂದು ಅವರ ಹೆಂಡತಿ ವಂದನಾಳನ್ನು ಕೇಳಿದ್ದೆ. ‘ಇಂಗ್ಲಿಷಲ್ಲಿ ಹೇಳಿದ್ರೆ ದೋಷ ಇಲ್ವಂತೆ, ದೇವತೆಗಳಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ’ ಎಂದು ಆಕೆ ನಗದೆ ಹೇಳಿದಳು.

ಕಪ್ಪು ಬಟ್ಟೆ ಅವರ ಮೈಮೇಲೆ ಬಂದದ್ದಿಲ್ಲ. ಚಳಿಗೆಂದು ಒಂದು ಅರಿಶಿನ ಬಣ್ಣದ ಜಾಕೆಟ್ ಇಟ್ಟುಕೊಂಡಿದ್ದಾರೆ. ಅದು ರಸ್ತೆ ರಿಪೇರಿ ಮಾಡುವವರಿಗೆಂದು ಹೊಲಿದದ್ದೆಂಬುದು ಬೆನ್ನ ಮೇಲಿನ ಹೊಳೆಯುವ ಪಟ್ಟಿಗಳಿಂದ ಎಲ್ಲರಿಗೂ ತಿಳಿಯುತ್ತದೆ, ಅವರೊಬ್ಬರನ್ನು ಬಿಟ್ಟು. ‘ಮಂಗಳಕರವಾಗಿದೆ ಅಲ್ವಾ?’ ಎನ್ನುತ್ತಾರೆ. ಅಲ್ಲವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ, ಏಕೆಂದರೆ ಮನುಷ್ಯ ಒಳ್ಳೆಯವರು. ಇದೇ ನನ್ನ ಸಂಕಟ. ಕೆಟ್ಟವರಾಗಿದ್ದರೆ ದೂರವಿಡಬಹುದಿತ್ತು.

ಹಿಂದೊಮ್ಮೆ ನಮ್ಮ ಕಡೆಯ ಗುಡ್ಡಗಳಿಗೆ ಬೆಂಕಿ ಬಿದ್ದು, ಮನೆ ಖಾಲಿ ಮಾಡಿರೆಂದು ಫೋನುಗಳೆಲ್ಲ ಅರಚಿಕೊಳ್ಳತೊಡಗುವ ಮೊದಲೇ ಸುದ್ದಿ ಹಿಡಿದವರು ಬಾಲಕೃಷ್ಣ. ನಾರ್ತ್‌ರಿಜ್‌ನ ನಮ್ಮ ಮನೆಗೆ ಫೋನ್ ಮಾಡಿದರು. ‘ರಚನಾ ಅವ್ರೇ, ಮನೇಲೇ ಇದ್ದೀರಾ? ಸುಮ್ನೆ ಹಾಗೇ ಒಂದು ಡ್ರೈವ್ ಹೋಗ್ಬರೋಣ್ವಾ? ಪಾಸ್‌ಪೋರ್ಟು, ಒಡವೆ ಗಿಡವೆ ಜೊತೇಲಿ ಇಟ್ಕೊಂಡ್ರೆ ಚೆನ್ನಾಗಿರುತ್ತೆ.’ ಮದುವೆಗೋ ಗೃಹಪ್ರವೇಶಕ್ಕೋ ಕರೆಯುತ್ತಿದ್ದಾರೆಂದು ನಾನು ರೇಷ್ಮೆ ಸೀರೆ ಹುಡುಕುತ್ತ ಕೂತೆ. ಕಿಟಕಿಯಾಚೆ ಆಕಾಶ ಕೆಂಪಾದಾಗಲೇ ಆ ಡ್ರೈವಿನ ಅರ್ಥ ನನಗಾದದ್ದು.

ಅದನ್ನಾದರೂ ನಗುತ್ತ ಹೇಳಬಹುದು. ಏಕನಾಥನ ಪ್ರಕರಣಕ್ಕೆ ನಗು ಬರುವುದಿಲ್ಲ. ಏಕನಾಥ ಸ್ಯಾನ್ ಡಿಯೇಗೋದಲ್ಲಿರುವ ನಮ್ಮೆಲ್ಲರ ಸ್ನೇಹಿತ. ಅವನ ತಂದೆ ಮೈಸೂರಿನಲ್ಲಿ ತೀರಿಕೊಂಡ ಸುದ್ದಿಯನ್ನು ಮನೆಯವರು ಮೊದಲು ನಮಗೆ ತಿಳಿಸಿದಾಗ, ಇಂಥದ್ದನ್ನು ಫೋನಿನಲ್ಲಿ ಹೇಳಬಾರದು, ಎದುರು ಕೂತು ಹೇಳಬೇಕೆಂದು ಹಿರಿಯರಾದ ಬಾಲಕೃಷ್ಣರನ್ನು ಕಳಿಸಿದೆವು. ಅವರು ಅಷ್ಟು ದೂರ ಡ್ರೈವ್ ಮಾಡಿಕೊಂಡು ಹೋದರು, ಏಕನಾಥನ ಕೈ ಹಿಡಿದು ಕೂತರು, ಅವನ ಮನೆಯಲ್ಲಿ ಉಪ್ಪಿಟ್ಟು ತಿಂದರು, ‘ತಂದೆಯವರಿಗೆ ಸ್ವಲ್ಪ ಆಯಾಸ ಆಗಿದೆಯಂತೆ, ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ’ ಎಂದು ಹೇಳಿ ತಿರುಗಿ ಬಂದರು. ತಂದೆಗೆಂದು ಮಂಡಿನೋವಿನ ಮಾತ್ರೆ, ಮೆತ್ತನೆಯ ಶೂ ಕೊಂಡು ವಿಮಾನ ಹತ್ತಿದ ಏಕನಾಥನಿಗೆ ವಿಷಯ ತಿಳಿದದ್ದು, ಮನೆಯ ಮುಂದೆ ಹಾಕಿದ್ದ ಶಾಮಿಯಾನ ಕಂಡಾಗ. ಅವನು ಬಹುಕಾಲ ಬಾಲಕೃಷ್ಣರೊಡನೆ ಮಾತು ಬಿಟ್ಟಿದ್ದ. ಬಾಲಕೃಷ್ಣರು ಮಾತ್ರ ‘ಅಲ್ಲೀವರ್ಗೂ ಆದ್ರೂ ನೆಮ್ಮದಿಯಾಗಿ ಹೋದನಲ್ಲ’ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಇಷ್ಟೆಲ್ಲ ಗೊತ್ತಿದ್ದೂ ೨೦೨೪ರ ಫೆಬ್ರವರಿಯಲ್ಲಿ ಸಿಕ್ವೋಯಾ ರಾಷ್ಟ್ರೀಯ ಉದ್ಯಾನಕ್ಕೆ, ಗೈಡ್ ಜೊತೆ ಹಿಮದಲ್ಲಿ ನಡೆಯಲು, ಅವರನ್ನೂ ವಂದನಾಳನ್ನೂ ಕರೆದದ್ದು ನಾನೇ. ಸತ್ಯ ಹೇಳಬೇಕೆಂದರೆ ಕರೆದದ್ದು ಅವರ ಕಾರನ್ನು. ಅದು ಹಿಮದ ಬೆಟ್ಟ ಹತ್ತುತ್ತದೆ, ನಮ್ಮದು ಹತ್ತುವುದಿಲ್ಲ. ತುಮಕೂರಿನಿಂದ ನನ್ನ ತಂದೆ ಶಿವರಾಮ ಮೇಷ್ಟ್ರು ಬಂದಿದ್ದರು. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದವರು. ಹಿಮಾಲಯದ ವರ್ಣನೆಯನ್ನು ಜೀವಮಾನವಿಡೀ ಪಾಠ ಮಾಡಿ, ಹಿಮವನ್ನು ಒಮ್ಮೆಯೂ ನೋಡದವರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅವರನ್ನು ಬಂದ ಹಾಗೆಯೇ ಊರಿಗೆ ತಲುಪಿಸುತ್ತೇನೆಂದು ತಮ್ಮನಿಗೆ ಮಾತು ಕೊಟ್ಟಿದ್ದೆ, ಹಾಗಾಗಿ ಬೆಳಗಿನಿಂದ ಅವರ ಹಿಂದೆಯೇ ಕಾವಲಿದ್ದೆ: ಮೆಟ್ಟಿಲಿದೆ ಬೀಳ್ತೀರ, ಕಾಫಿ ಬಿಸಿಯಿದೆ ಸುಟ್ಕೋತೀರ, ಟೋಪಿ ತೆಗೀಬೇಡಿ ಶೀತ ಆಗುತ್ತೆ. ನಾನು ಒಂದೊಂದು ಸಲ ಬಾಯಿ ತೆರೆದಾಗಲೂ ಸ್ಟಿಯರಿಂಗ್ ಹಿಡಿದಿದ್ದ ಬಾಲಕೃಷ್ಣ ‘ಬಿಡ್ತು ಅನ್ನಿ’ ಎನ್ನುತ್ತಿದ್ದರು. ಬೇಕರ್ಸ್‌ಫೀಲ್ಡ್ ದಾಟುವ ಹೊತ್ತಿಗೆ ನನಗೂ ಅವರಿಗೂ ಮಾತು ನಿಂತಿತ್ತು. ಬೆಟ್ಟದ ಬುಡದಲ್ಲಿ, ಹಿಮದಲ್ಲಿ ಜಾರದಂತೆ ಚಕ್ರಗಳಿಗೆ ಚೈನು ಬಿಗಿಯದೆ ಮುಂದೆ ಹೋಗಕೂಡದೆಂಬ ಬೋರ್ಡನ್ನು ತೋರಿಸಿ ಅಪ್ಪ ಏನೆಂದು ಕೇಳಿದರು. ‘ಮೇಲೆ ವಾತಾವರಣ ತಂಪಾಗಿದೆಯಂತೆ, ಮೇಷ್ಟ್ರೇ’ ಎಂದರು ಬಾಲಕೃಷ್ಣ.

ನಮ್ಮ ಗೈಡ್ ಮೇಗನ್ ಎಂಬ ಹುಡುಗಿ. ಹಿಮದಲ್ಲಿ ಹೂತುಹೋಗದಿರಲೆಂದು ಬೂಟಿನ ಕೆಳಗೆ ಬಿಗಿಯುವ ಅಗಲವಾದ ಸ್ನೋಶೂಗಳನ್ನು ಎಲ್ಲರಿಗೂ ಕೊಟ್ಟಳು. ಅವುಗಳನ್ನು ತೊಟ್ಟ ಅಪ್ಪ ಕಾಲಿಗೆ ಮೊರ ಕಟ್ಟಿಕೊಂಡವರಂತೆ ಕಾಲಗಲಿಸಿ ನಿಂತು ಮಗುವಿನಂತೆ ನಕ್ಕರು. ಹೊರಡುವ ಮುನ್ನ ಆಕೆ ಎಲ್ಲರನ್ನೂ ನಿಲ್ಲಿಸಿ ಎಚ್ಚರಿಕೆ ಹೇಳಿದಳು. ಕೊಂಬೆಗಳು ನೆಲಕ್ಕೆ ಬಾಗಿದ ಫರ್ ಮರಗಳ ಬುಡಕ್ಕೆ ಹೋಗಬೇಡಿ, ಅಲ್ಲಿ ಹಿಮ ತುಂಬಿಕೊಂಡಂತೆ ಕಾಣುತ್ತದೆ, ಒಳಗೆ ಟೊಳ್ಳು, ಬಿದ್ದವರು ಒದ್ದಾಡಿದಷ್ಟೂ ಮೇಲಿನ ಹಿಮ ಕುಸಿದು ಉಸಿರು ಕಟ್ಟುತ್ತದೆ, ಜನ ಸತ್ತಿದ್ದಾರೆ. ಅಮೆರಿಕನ್ನರ ಇಂಗ್ಲಿಷ್ ಅಪ್ಪನಿಗೆ ಹಿಡಿಯುವುದಿಲ್ಲ. ನಾನು ಹಿಂದೆ ವಂದನಾಳ ಕಾಲಿನ ಪಟ್ಟಿ ಬಿಗಿಯುತ್ತಿದ್ದೆ. ತಲೆಯೆತ್ತಿದಾಗ ಬಾಲಕೃಷ್ಣ ಅಪ್ಪನ ಕಿವಿಯ ಬಳಿ ಬಾಗಿ, ಕೈಯಾಡಿಸುತ್ತ, ಮರಗಳನ್ನು ತೋರಿಸುತ್ತ ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತಿದ್ದರು. ಅಪ್ಪ ಗಂಭೀರವಾಗಿ ತಲೆದೂಗುತ್ತಿದ್ದರು. ಸದ್ಯ, ಒಂದು ಕೆಲಸ ಕಡಿಮೆಯಾಯಿತೆಂದು ನಾನು ನೆಮ್ಮದಿಪಟ್ಟೆ.

ಬಾಲಕೃಷ್ಣ ಹೇಳಿದ್ದೇನೆಂಬುದು ಆಮೇಲೆ ಅಪ್ಪನಿಂದ ತಿಳಿಯಿತು: ‘ಇಲ್ಲಿನ ಮರಗಳು ಸಾಮಾನ್ಯದವಲ್ವಂತೆ ಮೇಷ್ಟ್ರೇ, ಭಯಭಕ್ತಿಯಿಂದ ನೋಡ್ಬೇಕಂತೆ. ಬುಡದಲ್ಲಂತೂ ಹಿಮ ಹತ್ತಿ ಥರ ಮೃದುವಾಗಿರುತ್ತಂತೆ.’

ಭಯಭಕ್ತಿಯಿಂದ ನೋಡಬೇಕಾದ ಮರವನ್ನು ಕನ್ನಡ ಪಂಡಿತರೊಬ್ಬರು ದೂರದಿಂದ ನೋಡಿ ಸುಮ್ಮನಾಗುತ್ತಾರೆಯೇ? ಇಳಿಜಾರೊಂದರಲ್ಲಿ, ಹಿಮದ ಭಾರಕ್ಕೆ ಕೊಂಬೆಗಳನ್ನು ನೆಲಕ್ಕೆ ಚೆಲ್ಲಿ ನಿಂತಿದ್ದ ಒಂದು ಫರ್ ಮರದ ಕಡೆಗೆ, ಕೈಗವಸು ಬಿಚ್ಚಿ, ಕಾಂಡ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಅಪ್ಪ ಸಾಲು ಬಿಟ್ಟು ನಡೆದರು. ಅವರ ಹಿಂದೆಯೇ, ಕಾಲೆತ್ತಿ ಕಾಲಿಡುತ್ತ, ಹಳದಿ ಜಾಕೆಟ್ಟಿನ ಬಾಲಕೃಷ್ಣ. ‘ಆ ಕಡೆ ಬೇಡ ಮೇಷ್ಟ್ರೇ, ಈ ಕಡೆಯಿಂದ ಇನ್ನೂ ಚೆನ್ನಾಗಿ ಕಾಣುತ್ತೆ’ ಎಂದು ಕರೆಯುತ್ತಿದ್ದರು. ಅಪಾಯ ಅವರಿಗೆ ಗೊತ್ತಿತ್ತು. ಆ ಪದವೊಂದನ್ನು ಬಿಟ್ಟು ಉಳಿದೆಲ್ಲ ಪದಗಳಿಂದ ಅದನ್ನು ತಪ್ಪಿಸಲು ಒದ್ದಾಡುತ್ತಿದ್ದರು. ನಾನು ನೋಡುತ್ತಿದ್ದಂತೆ ಅಪ್ಪ ಎದೆಮಟ್ಟ ಇಳಿದುಹೋದರು.

ಮೇಗನ್ ಬೆನ್ನಿನ ಚೀಲದಿಂದ ಸಲಿಕೆ ಬಿಚ್ಚಿಕೊಂಡು ಓಡಿದಳು. ಅಂಚು ಕುಸಿಯುತ್ತದೆ, ಇನ್ನು ಯಾರೂ ಹತ್ತಿರ ಬರಬೇಡಿ ಎಂದು ನನ್ನನ್ನು ಅಲ್ಲಿಯೇ ನಿಲ್ಲಿಸಿದಳು. ಬಾಲಕೃಷ್ಣರನ್ನು ಹೊಟ್ಟೆಯ ಮೇಲೆ ಮಲಗಿಸಿ, ಅಪ್ಪನ ಒಂದು ಕೈ ಹಿಡಿಸಿ, ತಾನು ಕೆಳಬದಿಯಿಂದ ಅಗೆಯತೊಡಗಿದಳು. ‘ಅಪ್ಪಾ, ಅಲ್ಲಾಡಬೇಡಿ! ಅಲ್ಲಾಡಬೇಡಿ!’ ಎಂದು ನಾನು ನಿಂತಲ್ಲಿಂದ ಗಂಟಲು ಹರಿಯುವಂತೆ ಕೂಗಿದೆ. ಅಪ್ಪ ನನ್ನ ಕಡೆ ತಿರುಗಲೂ ಇಲ್ಲ. ಒಂದು ಸ್ನೋಶೂ ಒಳಗಿನ ಕೊಂಬೆಗೆ ಸಿಕ್ಕಿಕೊಂಡಿತ್ತು, ಅದನ್ನು ಬಿಡಿಸಿಕೊಳ್ಳಲು ಒದೆಯುತ್ತಿದ್ದರು. ಆತನಿಗೆ ಅಲುಗಬೇಡವೆಂದು ಹೇಳು, ಮೇಲಿನ ಕೊಂಬೆಯ ಹಿಮ ಬಿದ್ದರೆ ಉಳಿಯುವುದಿಲ್ಲ ಎಂದು ಮೇಗನ್ ಬಾಲಕೃಷ್ಣರಿಗೆ ಕಿರುಚಿದಳು.

ಬಾಲಕೃಷ್ಣ ಬಾಯಿ ತೆರೆದರು. ‘ಏನೂ ಆಗಿಲ್ಲ ಮೇಷ್ಟ್ರೇ, ಆರಾಮಾಗಿದ್ದೀರ’ ಎಂದರು.

‘ಏನೂ ಆಗಿಲ್ವಾ? ಹಾಗಾದ್ರೆ ನಾನೇ ಹತ್ಕೊಂಡು ಬರ್ತೀನಿ ಬಿಡಿ’ ಎಂದು ಅಪ್ಪ ಇನ್ನೊಂದು ಕೈಯಿಂದ ಪಕ್ಕದ ಕೊಂಬೆಯನ್ನು ಜಗ್ಗಿದರು. ಅದರ ಮೇಲಿದ್ದ ಹಿಮವೆಲ್ಲ ಧೊಪ್ಪೆಂದು ಅವರ ಮೇಲೆ ಬಿತ್ತು. ಕಂದು ಬಣ್ಣದ ಟೋಪಿ, ಕನ್ನಡಕ, ಗಲ್ಲ, ಇಷ್ಟೇ ಉಳಿಯಿತು. ಅವರ ತಲೆಯ ಮೇಲೆ ಇನ್ನೂ ದೊಡ್ಡ ಕೊಂಬೆಯೊಂದು ಹಿಮ ಹೊತ್ತು ತೂಗುತ್ತಿತ್ತು. ಆ ಕ್ಷಣ ನಾನು ಬಾಲಕೃಷ್ಣರನ್ನು ದ್ವೇಷಿಸಿದಷ್ಟು ಯಾರನ್ನೂ ದ್ವೇಷಿಸಿಲ್ಲ.

ಬಾಲಕೃಷ್ಣರ ಮುಖ ನನಗೆ ಪಕ್ಕದಿಂದ ಕಾಣುತ್ತಿತ್ತು. ತುಟಿ ಅಲುಗಿತು, ಸ್ವರ ಬರಲಿಲ್ಲ. ಇನ್ನೊಮ್ಮೆ ಅಲುಗಿತು. ಆಮೇಲೆ, ನಾನೆಂದೂ ಕೇಳಿರದ ಒಡಕು ದನಿಯಲ್ಲಿ, ಅಚ್ಚ ಕನ್ನಡದಲ್ಲಿ, ಆ ಕಾಡಿಗೆಲ್ಲ ಕೇಳುವಂತೆ ಹೇಳಿದರು: ‘ಮೇಷ್ಟ್ರೇ, ಅಲ್ಲಾಡಿದ್ರೆ ಸತ್ತೋಗ್ತೀರ.’

ಅಪ್ಪ ಕಲ್ಲಾದರು. ಕಣ್ಣು ಮಾತ್ರ ಬಾಲಕೃಷ್ಣರ ಮೇಲೆ ನೆಟ್ಟಿತ್ತು. ಮೇಗನ್ ಅಗೆದಳು, ಅಗೆದೇ ಅಗೆದಳು, ಕೊನೆಗೆ ಕಾಲಿನ ಪಟ್ಟಿ ಕತ್ತರಿಸಿ ಅವರನ್ನು ಕೆಳಬದಿಗೆ ಎಳೆದು ಹಾಕಿದಳು. ತುಟಿ ನೀಲಿಗಟ್ಟಿದ್ದ ಅಪ್ಪ ಉಸಿರು ಕೂಡಿಸಿಕೊಂಡು ಆಡಿದ ಮೊದಲ ಮಾತು: ‘ಬಿಡ್ತು ಅನ್ನಿ, ಬಾಲಕೃಷ್ಣ.’ ಬಾಲಕೃಷ್ಣರಿಗೆ ಹೇಳಲಾಗಲಿಲ್ಲ. ಹಿಮದಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

ಕೆಳಗೆ ಬಂದ ಮೇಲೆ ಬಾಲಕೃಷ್ಣ ಕೆಫೆಯಿಂದ ಉಪ್ಪಿನ ಪುಟ್ಟ ಪೊಟ್ಟಣಗಳನ್ನು ಬಾಚಿ ತಂದು, ಪಾರ್ಕಿಂಗ್ ಜಾಗದ ನಡುವೆ ಅಪ್ಪನನ್ನು ನಿಲ್ಲಿಸಿ, ನೋಡುವವರ ಕಡೆ ಲಕ್ಷ್ಯವಿಲ್ಲದೆ ಒಂದೊಂದನ್ನೇ ಹರಿದು ನಿವಾಳಿಸಿದರು. ಹಿಂದಿರುಗುವಾಗ ಕಾರು ಓಡಿಸಿದವಳು ವಂದನಾ. ಬಾಲಕೃಷ್ಣರ ತಪ್ಪನ್ನು ನಾನು ದಾರಿಯುದ್ದಕ್ಕೂ ಎತ್ತಿ ಆಡಿದೆ.

ಡಾಕ್ಟರು ಏನೂ ತೊಂದರೆಯಿಲ್ಲವೆಂದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ. ‘ಮೊದ್ಲೇ ನೆಟ್ಟಗೆ ಹೇಳಿದ್ರೆ ನೀವು ಆ ಕಡೆ ಹೋಗ್ತಾನೇ ಇರ್ಲಿಲ್ಲ’ ಎಂದು ಅಪ್ಪನೆದುರು ಮತ್ತೆ ತೆಗೆದೆ.

‘ಅದು ಸರಿ’ ಎಂದರು ಅಪ್ಪ. ‘ನೀನೂ ಕೂಗ್ತಿದ್ದೆಯಲ್ಲ, ಚೆನ್ನಾಗೇ ಕೇಳಿಸ್ತು. ನೀನು ಕೂಗೋದು ಇದ್ದದ್ದೇ ಅಂದ್ಕೊಂಡೆ. ಆದ್ರೆ ಆ ಮನುಷ್ಯನ ಬಾಯಲ್ಲಿ ಆ ಮಾತು ಬಂತು ನೋಡು, ಆಗ ಗೊತ್ತಾಯ್ತು, ನಾನು ಸಾಯೋದ್ರಲ್ಲಿದ್ದೀನಿ ಅಂತ.’

ಬಾಲಕೃಷ್ಣರಂಥವರು ಪ್ರತಿ ಬಳಗದಲ್ಲೂ ಒಬ್ಬರಿರುತ್ತಾರೆ. ಅವರು ಗುಂಡಿಯ ಮೇಲೆ ಹೂವು ಹಾಸಿ ದಾರಿ ಚೆನ್ನಾಗಿದೆ ಎನ್ನುತ್ತಾರೆ, ಸಾವಿನ ಮನೆಗೆ ನಮ್ಮನ್ನು ಶೂ ಕೊಳ್ಳಿಸಿ ಕಳಿಸುತ್ತಾರೆ, ಅವರ ಒಳ್ಳೆಯತನವನ್ನು ಸಹಿಸಿಕೊಳ್ಳುವುದರಲ್ಲಿ ಬಳಗದ ಅರ್ಧ ಆಯುಷ್ಯ ಸವೆಯುತ್ತದೆ. ದಿನವಿಡೀ ಎಚ್ಚರಿಕೆಯನ್ನೇ ಉಸಿರಾಡುವ ನನ್ನಂಥವರ ಮಾತಾದರೋ ಗಾಳಿಗೆ ಹೋಗುತ್ತದೆ. ಒಂದು ಮಾತಿಗೆ ಜನ್ಮವಿಡೀ ಹೆದರಿ, ಅದನ್ನು ನಾಲಗೆಗೆ ತಾಗಿಸದೆ ಬದುಕಿದವನು ಎಂದಾದರೂ ಅದನ್ನು ಆಡಿದರೆ, ಆ ಮಾತಿಗೆ ಒಂದು ಜೀವವನ್ನು ಹಿಡಿದು ನಿಲ್ಲಿಸುವಷ್ಟು ತೂಕ ಬಂದಿರುತ್ತದೆ. ಇದನ್ನು ನಾನು ಒಪ್ಪುತ್ತೇನೆ. ಆ ಮಾತನ್ನು ಅವರ ಬಾಯಿಂದ ಹೊರಡಿಸಲು ನನ್ನಪ್ಪ ಕುತ್ತಿಗೆಯವರೆಗೆ ಹೂತುಹೋಗಬೇಕಾಯಿತು ಎಂಬುದನ್ನು ಮಾತ್ರ ಎಂದೆಂದಿಗೂ ಕ್ಷಮಿಸಲಾರೆ.