ನಾಲ್ಕು ನಿಮಿಷ ಮುಂದಿನ ಫೈಲು

ಆ ಹಾಲಿನ ಸಂಘಕ್ಕೆ ಎರಡು ಸರ್ವರ್‌ಗಳು. ಒಂದು ಬಂಗಾರಪೇಟೆಯಲ್ಲಿ, ಇನ್ನೊಂದು ರಾಬರ್ಟ್‌ಸನ್‌ಪೇಟೆಯಲ್ಲಿ. ಬೇರೆ ಬೇರೆ ಊರಿಗೆ ಕೊಟ್ಟ ಅಕ್ಕತಂಗಿಯರ ಹಾಗೆ, ಒಬ್ಬಳ ಮನೆಯ ಸುದ್ದಿ ಇನ್ನೊಬ್ಬಳಿಗೆ ಮುಟ್ಟಲೇಬೇಕು: ಇಲ್ಲಿಟ್ಟ ಫೈಲು ಅಲ್ಲಿಗೂ ನಕಲಾಗುತ್ತದೆ, ಅಲ್ಲಿಟ್ಟದ್ದು ಇಲ್ಲಿಗೂ. ಆ ಫೈಲುಗಳಲ್ಲೊಂದು ಪುಟ್ಟ ಸ್ಕ್ರಿಪ್ಟು. ಯಾರೇ ಲಾಗಿನ್ ಆಗಲಿ, "ಇಗೋ, ನಿನ್ನ ಪ್ರಿಂಟರ್ ಇದು" ಎಂದು ಕಂಪ್ಯೂಟರಿನ ಕಿವಿಯಲ್ಲಿ ಹೇಳುವುದು ಅದರ ಕೆಲಸ.

ಮೂರು ದಿನದಿಂದ ಅದು ತ್ರಿವೇಣಿಯ ಮಾತು ಕೇಳುತ್ತಿರಲಿಲ್ಲ. ಅವಳು ಬಂಗಾರಪೇಟೆಯ ಆಫೀಸಿಗೆ ಸಂಘದ ಕಂಪ್ಯೂಟರ್ ನೋಡಿಕೊಳ್ಳಲು ಬಂದು ಮೂರು ತಿಂಗಳು. ಕೆಲಸ ಖಾಯಮ್ಮೋ ಅಲ್ಲವೋ ಇವತ್ತು ತೀರ್ಮಾನ. ಬಂಗಾರಪೇಟೆಗೆ ಬಂದ ಹೊಸ ಪ್ರಿಂಟರಿನ ಹೆಸರನ್ನು ಬರೆದಿಡುತ್ತಾಳೆ, ಕಾಫಿ ಕುಡಿದು ಬರುವಷ್ಟರಲ್ಲಿ ಹಳೆಯ ಹೆಸರು ಕಾಲು ಚಾಚಿ ಕೂತಿರುತ್ತದೆ. ಇಲ್ಲಿಯ ಕ್ಯಾನುಗಳ ಲೇಬಲೆಲ್ಲ ರಾಬರ್ಟ್‌ಸನ್‌ಪೇಟೆಯಲ್ಲಿ ಅಚ್ಚಾಗುತ್ತಿದ್ದವು.

"ಅತ್ತೂವರೆಗೆ ಲಾರಿ ಓಗ್ಬೇಕು ಕಣಮ್ಮ," ಎಂದರು ಮ್ಯಾನೇಜರ್ ಚಿಕ್ಕಮುನಿಯಪ್ಪ. "ಲೇಬಲ್ ಇಲ್ದಿದ್ರೆ ಆಲು ಒಡೀತದೆ. ನಿನ್ ಕೆಲ್ಸಾನೂ ಅಷ್ಟೇ."

ಅಜ್ಜಿಯ ಕತೆಯಾಗಿದ್ದರೆ ಇಷ್ಟೊತ್ತಿಗೆ ಯಾರಾದರೂ ರಾಕ್ಷಸಿ ಸಿಕ್ಕಿಬೀಳುತ್ತಿದ್ದಳು. ತ್ರಿವೇಣಿ ಸರ್ವರ್ ಜಾಲಾಡಿದಳು. ಒಂದೇ ಫೈಲನ್ನು ಇಬ್ಬರು ತಿದ್ದಿದರೆ ತಡವಾಗಿ ಬರೆದದ್ದನ್ನು ಉಳಿಸಿಕೊಂಡು, ಸೋತದ್ದನ್ನು ಅದು ಮೂಲೆಯ ಫೋಲ್ಡರಿಗೆ ತಳ್ಳುತ್ತದೆ. ಆ ಮೂಲೆಯಲ್ಲಿ ಇವಳ ಮೂರೂ ಫೈಲು ಪೆಚ್ಚುಮೋರೆ ಹಾಕಿಕೊಂಡು ಬಿದ್ದಿದ್ದವು! ಗೆದ್ದ ಫೈಲಿನ ಮೇಲೆ ಒಂಬತ್ತು ಎಂಟು ಎಂದಿತ್ತು. ಗೋಡೆಯ ಗಡಿಯಾರದಲ್ಲಿ ಇನ್ನೂ ಒಂಬತ್ತು ಐದು.

ಇನ್ನೂ ಹುಟ್ಟದ ನಿಮಿಷದಲ್ಲಿ ಬರೆದ ಫೈಲು! ಅವಳು ಮೊಬೈಲಿನ ಟೈಮೂ ನೋಡಿದಳು, ಅದೂ ಒಂಬತ್ತು ಐದೇ. ಆಮೇಲೆ ರಾಬರ್ಟ್‌ಸನ್‌ಪೇಟೆಯ ಗುಮಾಸ್ತೆ ಶ್ಯಾಮಲಾಗೆ ಫೋನ್ ಹಚ್ಚಿದಳು.

"ಅಕ್ಕ, ಆ ಸ್ಕ್ರಿಪ್ಟು ಮುಟ್ತಿದ್ದೀರಾ?"

"ಮುಟ್ದೆ? ಯಾವ ಪುಣ್ಯಾತ್ಮನೋ ನಮ್ ಪ್ರಿಂಟರ್ ಎಸ್ರು ಕಿತ್ತಾಕ್ತಾನೆ. ಬೆಳಿಗ್ಗೆ ಬಂದ್ ಕೂಡ್ಲೇ ನಮ್ದು ಬರ್ದಿಡ್ತೀನಿ. ಮೇಲಿಂದ ನಿಮ್ ಲೇಬಲ್ ಬೇರೆ ಇಲ್ಲಿ ಸುರೀತಾವೆ!"

"ಪುಣ್ಯಾತ್ಮ ನಾನೇ ಅಕ್ಕ. ನಿಮ್ಮಲ್ಲಿ ಟೈಮೆಷ್ಟು?"

"ಒಂಬತ್ತು ಅತ್ತು."

"ಇಲ್ಲಿ ಒಂಬತ್ತು ಆರು!"

"ನಮ್ಮಾಫೀಸ್ನಾಗೆ ಎಲ್ಲಾ ನಾಲ್ಕ್ ನಿಮಿಷ ಮುಂದೇನೇ. ಸರ್ವರ್‌ದೂ ನಾನೇ ತಿರುಗ್ಸಿದ್ದು. ಇಲ್ದಿದ್ರೆ ಸಾಯಂಕಾಲ ಮಾರಿಕುಪ್ಪಂ ಟ್ರೇನು ನಿಮ್ಮಪ್ಪ ನಿಲ್ಲಿಸ್ತಾನಾ?"

"ಗೋಡೇದು ಅಂಗೇ ಇರ್ಲಿ ಅಕ್ಕ, ಸರ್ವರ್‌ದು ಸರಿ ಮಾಡಿ. ಸ್ಕ್ರಿಪ್ಟು ನಾನೊಬ್ಳೇ ಬರೀತೀನಿ."

"ನಮ್ ಪ್ರಿಂಟರ್ ಬಿಟ್ಟೀಯ, ಜೋಕೆ!"

ಬಿಡಲಿಲ್ಲ. ಹೊಸ ಸ್ಕ್ರಿಪ್ಟು ಮೊದಲು "ನಿಂದ್ಯಾವೂರು?" ಎಂದು ಕೇಳಿ, ಆಮೇಲೆ ಆ ಊರಿನದೇ ಪ್ರಿಂಟರ್ ತೋರಿಸಿತು. ಹತ್ತೂ ಇಪ್ಪತ್ತಕ್ಕೆ ಬಂಗಾರಪೇಟೆಯ ಪ್ರಿಂಟರ್ ಕೆಮ್ಮಿತು, ನರಳಿತು, ಲೇಬಲ್ ಉಗುಳಿತು. ಚಿಕ್ಕಮುನಿಯಪ್ಪ ಪಂಚೆ ಎತ್ತಿಕಟ್ಟಿ ಓಡಿ, ತಾವೇ ಕ್ಯಾನಿಗೆಲ್ಲ ಅಂಟಿಸಿ ಲಾರಿ ಕಳಿಸಿದರು. ಮೊಣಕೈಗೆ ಒಂದು ಲೇಬಲ್ ಅಂಟಿಸಿಕೊಂಡೇ ಒಳಗೆ ಬಂದರು.

"ಎದ್ದು ಮನೆಗೆ ಓಗಮ್ಮ."

ತ್ರಿವೇಣಿ ಪ್ರಿಂಟರಿನ ಕಡೆ ಕೈ ತೋರಿಸಿದಳು. "ಸಾರ್, ಲೇಬಲ್ ಬಂತಲ್ಲ!"

"ಅದಕ್ಕೇ. ಆಧಾರ್ ಕಾರ್ಡ್ ತಗೊಂಬಾ. ಖಾಯಂ ಮಾಡಕ್ಕೆ ಜೆರಾಕ್ಸ್ ಬೇಕು."