ಅರ್ಧಕ್ಕೆ ಬಿಡದ ಕ್ರಿಂಪರ್

ಕುರ್ಚಿಗಳ ನಡುವೆ ಮೊಣಕಾಲೂರಿ ನಂದಿತಾ ನೆಟ್‌ವರ್ಕ್ ಕೇಬಲ್ಲನ್ನು ಹೊರಗೆಳೆದಳು. ತುದಿಯ ಪ್ಲಗ್ಗು ಯಾವುದೋ ಕುರ್ಚಿಯ ಕಾಲಿಗೆ ಸಿಕ್ಕಿ ಒಡೆದಿತ್ತು. ಫ್ಯೂನರಲ್ ಹೋಮಿನ ಈ ಬೇಸ್‌ಮೆಂಟಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ವೈಫೈ ಬಂದು ಬಂದು ಹೋಗುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಧಾರವಾಡದ ದೊಡ್ಡವ್ವನ ಮುಖ ಬಾಯಿ ತೆರೆದಂತೆಯೇ ನಿಂತುಬಿಟ್ಟಿತ್ತು. ಧ್ವನಿ ಮಾತ್ರ ತುಂಡುತುಂಡಾಗಿ ಬಂತು.

"ನಂದೂ, ಕೌಸಲ್ಯಾನ ಮಾರಿ ಕಾಣವಲ್ದವಾ."

ನಂದಿತಾಳ ಅಮ್ಮ ಕೌಸಲ್ಯಾಳನ್ನು, ತಾಯಿಯಿಲ್ಲದ ತನ್ನ ತಂಗಿಯನ್ನು, ಎತ್ತಿ ಬೆಳೆಸಿದವಳು ದೊಡ್ಡವ್ವ. ಇಲ್ಲಿಗೆ ಬರಲು ವೀಸಾ ಸಿಕ್ಕಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಅಮ್ಮನ ಪೆಟ್ಟಿಗೆ ಮುಚ್ಚಿ ದಹನಕ್ಕೆ ಒಯ್ಯುತ್ತಾರೆ.

ಪಕ್ಕದ ಅಪಾರ್ಟ್‌ಮೆಂಟಿನ ತಾಹಿರಾ ಆಂಟಿ ಕಾರಿನಿಂದ ಅಮ್ಮನ ಕೆಲಸದ ಬ್ಯಾಗು ತಂದುಕೊಟ್ಟರು. ಅದರಲ್ಲಿ ಹೊಸ ಪ್ಲಗ್ಗುಗಳಿದ್ದವು, ತಂತಿಗೆ ಪ್ಲಗ್ಗು ಒತ್ತಿ ಕೂರಿಸುವ ಇಕ್ಕಳ, ಫಳಫಳ ಹೊಳೆಯುವ ಕೆಂಪು ಹಿಡಿಯ ಕ್ರಿಂಪರ್ ಇತ್ತು. ನಂದಿತಾ ಬಣ್ಣದ ತಂತಿಗಳನ್ನು ಅಮ್ಮ ಕಲಿಸಿದ ಸಾಲಿನಲ್ಲಿ ಪ್ಲಗ್ಗಿನೊಳಗೆ ತೂರಿಸಿ ಒತ್ತಿದಳು. ಒಮ್ಮೆ ಎಳೆದು ನೋಡಿದಳು. ತಂತಿಗಳೆಲ್ಲ ಕಳಚಿ ಕೈಗೇ ಬಂದವು.

"ಇದು ನೀನು ಮದರ್ಸ್ ಡೇಗೆ ಕೊಟ್ಟಿದ್ದಲ್ವಾ?" ಎಂದರು ತಾಹಿರಾ. "ನಿಮ್ಮಮ್ಮ ಇದ್ರಲ್ಲಿ ಅಕ್ರೋಟು ಒಡೀತಿದ್ಲು."

"ನಂಗೆ 'ಭಾಳ ಛಲೋ ಅದ' ಅಂದಿದ್ಳು, ಆಂಟಿ."

"ಅಕ್ರೋಟಿಗೆ ಛಲೋನೇ ಇತ್ತು. ಮಗಳು ಕೊಟ್ಟಿದ್ದು ಅಂತ ಬ್ಯಾಗಿಂದ ಮಾತ್ರ ಯಾವತ್ತೂ ತೆಗೀಲಿಲ್ಲ ನೋಡು."

ನಂದಿತಾಗೆ ಬೆಳಗಿನಿಂದ ಮೊದಲ ಸಲ ನಗು ಬಂತು.

*

ವರ್ಷಗಳ ಹಿಂದೆ ಅಮ್ಮ ತಾನೇ ಆರಿಸಿ ತನ್ನ ಕ್ರಿಂಪರ್ ಕೊಂಡ ದಿನ ನಂದಿತಾ ಜೊತೆಗಿದ್ದಳು. ಅಮ್ಮನಿಗೆ ಆಫೀಸುಗಳಿಗೆ ಕೇಬಲ್ ಎಳೆಯುವ ಕೆಲಸ ಆಗಷ್ಟೇ ಸಿಕ್ಕಿತ್ತು. ಬೆಲ್‌ರೋಸಿನ ಹಾರ್ಡ್‌ವೇರ್ ಅಂಗಡಿಗೆ ಕೌಸಲ್ಯಾ ಮನೆಯಿಂದಲೇ ಕೇಬಲ್ ತುಂಡು, ಪ್ಲಗ್ಗುಗಳನ್ನು ಹ್ಯಾಂಡ್‌ಬ್ಯಾಗಿನಲ್ಲಿ ಒಯ್ದಿದ್ದಳು. ಕೌಂಟರಿನಲ್ಲಿ ನಿಂತು ಒಂದೊಂದೇ ಕ್ರಿಂಪರಿನಲ್ಲಿ ಒತ್ತುವುದು, ಎಳೆಯುವುದು. ಹಿಂದೆ ಸಾಲು ಬೆಳೆಯುತ್ತಿತ್ತು.

"ಅಮ್ಮಾ, ಜಸ್ಟ್ ಪಿಕ್ ಒನ್."

"ತಡಿ. ಕಣ್ಣಿಗೆ ಎಲ್ಲಾನೂ ಛಲೋನ ಕಾಣಸ್ತಾವ. ಎಳದು ನೋಡಬೇಕು."

ಕೊನೆಗೆ ಕಪ್ಪು ಹಿಡಿಯ ಭಾರದ ಒಂದನ್ನು ಅರ್ಧ ಒತ್ತಿ ಕೈಬಿಟ್ಟಳು. ಅದು ಪ್ಲಗ್ಗನ್ನು ಕಚ್ಚಿಕೊಂಡೇ ಇತ್ತು.

"ಇಟ್ಸ್ ಸ್ಟಕ್."

"ಸ್ಟಕ್ ಅಲ್ಲವಾ. ಪೂರ್ತಿ ಒತ್ತೂತನಕ ಇದು ಬಾಯಿ ಬಿಡಂಗಿಲ್ಲ. ನನಗ ದಣಿವಾದರೂ ಇದು ಅರ್ಧಕ್ಕ ಬಿಡಂಗಿಲ್ಲ."

*

"ಅಮ್ಮನ ಕಪ್ಪು ಕ್ರಿಂಪರ್ ಎಲ್ಲಿ, ಅಪ್ಪಾ?"

ಅಶ್ವತ್ಥನಾರಾಯಣ ಪೆಟ್ಟಿಗೆಯ ಕಡೆ ನೋಡಿದರು. ಕೌಸಲ್ಯಾಳ ಬಲಗೈಯಡಿ, ತುಳಸಿ ಎಲೆಗಳ ನಡುವೆ, ಕಪ್ಪು ಹಿಡಿ ಕಾಣುತ್ತಿತ್ತು.

"ಅವಳ ಜೊತೆ ಹೋಗ್ಲಿ ಅಂತಿದ್ದೆ. ಕಬ್ಬಿಣ ಬೆಂಕಿಗೆ ಹಾಕೋಹಾಗಿಲ್ಲ ಅಂದ್ರು ಇಲ್ಲಿಯವರು. ಮುಚ್ಚೋವರೆಗಾದ್ರೂ ಇರ್ಲಿ ಅಂದೆ."

ಲ್ಯಾಪ್‌ಟಾಪಿನಿಂದ ಮತ್ತೆ "ನಂದೂ" ಎಂಬ ಅರ್ಧ ದನಿ. ಅವರು ಎದ್ದು ಹೋಗಿ ಹೆಂಡತಿಯ ಮೇಲೆ ಬಗ್ಗಿದರು.

"ಸ್ವಲ್ಪ ಕೊಡೇ. ನಿಮ್ಮಕ್ಕ ಕಾಯ್ತಿದಾರೆ."

ಅವರು ತಂದುಕೊಟ್ಟ ಕಪ್ಪು ಕ್ರಿಂಪರಿನಲ್ಲಿ ನಂದಿತಾ ಮತ್ತೆ ತಂತಿ ಜೋಡಿಸಿ ಒತ್ತಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಕೈ ಸೋತಿತು. ಕ್ರಿಂಪರ್ ಬಿಡಲಿಲ್ಲ, ಪ್ಲಗ್ಗನ್ನು ಹಿಡಿದುಕೊಂಡೇ ಕಾದಿತ್ತು. ಅಪ್ಪ ತಮ್ಮ ಕೈಯನ್ನು ಅವಳ ಕೈಯ ಮೇಲಿಟ್ಟರು. ಇಬ್ಬರೂ ಒತ್ತಿದರು. ಟಕ್ ಎಂದು ಅದು ತಾನಾಗಿ ಬಾಯಿ ತೆರೆಯಿತು.

ಕೇಬಲ್ ಸಿಕ್ಕಿಸಿದೊಡನೆ ದೊಡ್ಡವ್ವನ ನಿಂತ ಬಾಯಿ ಅಲುಗಿತು. ತಾಹಿರಾ ಲ್ಯಾಪ್‌ಟಾಪನ್ನು ಮೆಲ್ಲಗೆ ಪೆಟ್ಟಿಗೆಯತ್ತ ತಿರುಗಿಸಿದರು.

"ಕಂಡಳವಾ," ಎಂದಳು ದೊಡ್ಡವ್ವ. "ಹುಬ್ಬಿನ ಮ್ಯಾಲಿನ ಗಾಯದ ಕಲಿ ಸುದ್ದಾ ಕಾಣಸ್ತದ. ಸಣ್ಣಾಕಿದ್ದಾಗ ನನ್ನ ಕಂಕುಳಾಗಿಂದ ಜಾರಿ ಬಿದ್ದಿದ್ಳು. ಪುಣ್ಯಾ ಬರಲಿ ನಿಮಗ. ಇನ್ನೊಂಚೂರು ನೋಡ್ತೀನಿ."

ದಹನಕ್ಕೆ ಕರೆಯಲು ಬಂದ ಸಿಬ್ಬಂದಿಯವನು ಬಾಗಿಲಲ್ಲೇ ನಿಂತ.

ಅಶ್ವತ್ಥನಾರಾಯಣ ಬಗ್ಗಿ, ಹೆಂಡತಿ ಮಾಡುತ್ತಿದ್ದಂತೆ, ಕೇಬಲ್ಲನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿದರು. ಪ್ಲಗ್ಗು ಕಳಚಿ ಬರಲಿಲ್ಲ. ಬೆರಳುಗಳನ್ನು ಅಲ್ಲಿಂದ ತೆಗೆಯದೆ ಹಾಗೇ ನಿಂತರು.